ಮನೆಯ ಬಿಸಿ-ತಂಪು ಮತ್ತು ಬೆಂಕಿಯ ಭಯ

ಕೆಲವು ವರ್ಷಗಳ ಹಿಂದಿನ ಮಾತು. ಜನವರಿ ತಿಂಗಳು, ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ನಮ್ಮ ಶಾಲೆಯಿರುವ ಹಳ್ಳಿ ಹಿಂದೂಪುರದಿಂದ ಮಡಕಶಿರದ ಕಡೆಗೆ ಹೋಗುವ ದಾರಿಯಿಂದ ತುಸು ಒಳಗಿದೆ. ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸಾಲುಗಟ್ಟಿ ನಿಂತಿದ್ದಾಗ ಐದನೆಯ ತರಗತಿಯ ಹುಡುಗಿಯೊಬ್ಬಳು ಬರಿಗೈಯಲ್ಲಿ ಬಂದು ಸಾಲಿನ ಕೊನೆಗೆ ನಿಂತಳು. ಚೀಲವಿಲ್ಲ, ಪುಸ್ತಕವಿಲ್ಲ, ತೊಟ್ಟ ಅಂಗಿಯಿಂದ ಹೊಗೆಯ ವಾಸನೆ ಬರುತ್ತಿತ್ತು. “ಏನಮ್ಮಾ, ಚೀಲ ಎಲ್ಲಿ?” ಎಂದು ಕೇಳಿದೆವು. “ಸುಟ್ಟೋಯ್ತು ಸಾರ್. ಹುಳದ ಮನೆ ಎಲ್ಲಾ ಸುಟ್ಟೋಯ್ತು” ಎಂದಳು.

ಅವರದು ರೇಷ್ಮೆ ಸಾಕುವ ಮನೆ. ವಾಸದ ಎರಡು ಅಂಕಣಕ್ಕೆ ತಾಗಿಕೊಂಡೇ ಹುಳುವಿನ ಮನೆ. ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದು ಸೊಪ್ಪು ಮೇಯುತ್ತಿದ್ದವು. ಇನ್ನೊಂದು ವಾರಕ್ಕೆ ಹಣ್ಣಾಗಿ ಚಂದ್ರಿಕೆಗೆ ಬಿಡತಕ್ಕ ಕಾಲ. ಚಳಿ ಹೆಚ್ಚಾಯಿತೆಂದು ಮನೆಯವರು ಕಬ್ಬಿಣದ ಬಾಣಲೆಯಲ್ಲಿ ಇದ್ದಲಿನ ಕೆಂಡ ತುಂಬಿ ತಟ್ಟುಗಳ ನಡುವೆ ಇಟ್ಟು ಮಲಗಿದ್ದರು. ನಡುರಾತ್ರಿ ಗಾಳಿಗೆ ಕಿಟಕಿಗೆ ಕಟ್ಟಿದ್ದ ಬಲೆ ಕಳಚಿ ಕೆಂಡದ ಮೇಲೆ ಬಿದ್ದಿತು. ಬಲೆಯಿಂದ ಗೋಣಿತಾಟಿಗೆ, ಗೋಣಿತಾಟಿನಿಂದ ಹಾಸಿದ್ದ ಕಾಗದಕ್ಕೆ, ಅಲ್ಲಿಂದ ಬಿದಿರಿನ ತಟ್ಟುಗಳಿಗೆ ಬೆಂಕಿ ಏರಲು ಬಹಳ ಹೊತ್ತು ಬೇಕಾಗಲಿಲ್ಲ. ದೈವಕೃಪೆಯಿಂದ ಪ್ರಾಣಹಾನಿಯಾಗಲಿಲ್ಲ. ಆದರೆ ಮೊಮ್ಮಗಳನ್ನು ಎಳೆದು ತರಲು ಹೋದ ಅಜ್ಜಿಯ ಎರಡೂ ಕೈ ಸುಟ್ಟವು. ಸಾಲ ತಂದು ಮಾಡಿದ್ದ ಬೆಳೆ ಬೂದಿಯಾಯಿತು.

ಈ ಪ್ರಸಂಗವನ್ನು ಇಲ್ಲಿ ಬರೆಯಲು ಬೇರೊಂದು ಕಾರಣವಿದೆ. ಆ ಘಟನೆಗೆ ಐದಾರು ದಿನಗಳ ಮುನ್ನ, ಹುಡುಗಿ ಎರಡು ದಿನ ಶಾಲೆಗೆ ಬರಲಿಲ್ಲವೆಂದು ವಿಚಾರಿಸಲು ನಾವು ಅದೇ ಮನೆಗೆ ಹೋಗಿದ್ದೆವು. ಅದೇ ಬಾಣಲೆ ಅದೇ ಬಲೆಯ ಕೆಳಗಿತ್ತು. ಅಜ್ಜಿ ಮಣೆ ಹಾಕಿ ಕುಳ್ಳಿರಿಸಿದರು. ನಾವು ಆ ಕೆಂಡಕ್ಕೆ ಕೈ ಕಾಯಿಸಿಕೊಂಡು, ಕಾಫಿ ಕುಡಿದು, ಎದ್ದು ಬಂದೆವು. ದಹನಕ್ರಿಯೆಯ ಪಾಠವನ್ನು ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಬೋಧಿಸಿದ ಬಾಯಿಗೆ “ಅಜ್ಜಿ, ಇದನ್ನು ಸ್ವಲ್ಪ ದೂರ ಸರಿಸಿರಿ” ಎಂಬ ಒಂದು ಮಾತು ಬರಲಿಲ್ಲ. ಅಂದು ಆಡದೆ ಉಳಿದ ಆ ಮಾತನ್ನು ಇಂದು ಓದುಗ ಬಂಧುಗಳ ಮುಂದೆ ವಿವರವಾಗಿ ಆಡುವುದೇ ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ಚಳಿ ಮತ್ತು ಬಿಸಿಲು

ಮನೆಯನ್ನು ಬೆಚ್ಚಗಿಡುವ ಯಂತ್ರ, ತಂಪಾಗಿಡುವ ಯಂತ್ರ ಎಂದೊಡನೆ ಅದು ದೊಡ್ಡ ಪಟ್ಟಣದವರ, ಇಲ್ಲವೇ ಹಿಮ ಬೀಳುವ ದೇಶದವರ ಚಿಂತೆ ಎಂದು ತೋರುವುದು ಸಹಜ. ನಿಜಸ್ಥಿತಿ ಹಾಗಿಲ್ಲ. ಹಿಂದೂಪುರ ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದಲ್ಲಿದೆ. ಮಾರ್ಗಶಿರ, ಪುಷ್ಯ ಮಾಸಗಳ ಮುಂಜಾವಿನಲ್ಲಿ ಇಲ್ಲಿ ಕಂಬಳಿಯಿಲ್ಲದೆ ಹೊರಗೆ ಬರಲಾಗದು. ಕಲ್ಯಾಣದುರ್ಗದ ಬಯಲಿನಲ್ಲಾದರೋ ಏಪ್ರಿಲ್, ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತೇನಲ್ಲ. 2022ರ ಏಪ್ರಿಲ್ 4ರಂದು ಜಿಲ್ಲೆಗಳು ಮರುವಿಂಗಡಣೆಯಾದ ಮೇಲೆ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ಗಾಳಿ ಒಂದೇ, ಬಿಸಿಲು ಒಂದೇ, ಕಡಲೆಕಾಯಿ ಬಳ್ಳಿಯ ಬಣವೆಗಳೂ ಒಂದೇ.

ನಮ್ಮ ಬಾಲ್ಯದಲ್ಲಿ ಬಚ್ಚಲಿನ ಹಂಡೆಯೊಲೆ, ಚಳಿಗೆ ಒಂದು ಕುಂಪಟಿ, ಬೇಸಿಗೆಗೆ ಬೀಸಣಿಗೆ, ಇಷ್ಟೇ ಇದ್ದುದು. ಇಂದು ಅದೇ ಮನೆಗಳಲ್ಲಿ ನೀರು ಕಾಯಿಸುವ ಹೀಟರ್ ರಾಡು, ಗೀಸರು, ಫ್ಯಾನು, ಕೂಲರು, ಫ್ರಿಜ್ಜು ಬಂದಿವೆ. ಅನುಕೂಲಸ್ಥರ ಮನೆಗೆ ಎ.ಸಿ. ಯಂತ್ರವೂ ಬಂದಿದೆ. ಉಪಕರಣಗಳು ಒಂದರ ಹಿಂದೊಂದು ಬಂದವು. ಗೋಡೆಯೊಳಗಿನ ತಂತಿ ಮಾತ್ರ ಎರಡು ದೀಪ, ಒಂದು ರೇಡಿಯೋ ಇದ್ದ ಕಾಲದ್ದೇ ಉಳಿಯಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ ಬೆಂಕಿ ಆಕಸ್ಮಿಕಗಳಿಂದ ಏಳು ಸಾವಿರಕ್ಕೂ ಮಿಕ್ಕು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸತ್ತದ್ದು ಕಾರ್ಖಾನೆಯಲ್ಲಲ್ಲ, ವಾಸದ ಮನೆಗಳಲ್ಲಿ.

ತರಗತಿಯ ಪಾಠ, ಮನೆಯ ಪಾಠ

ಬೆಂಕಿ ಉಂಟಾಗಲು ಮೂರು ಸಾಮಗ್ರಿ ಬೇಕೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ: ಉರಿಯುವ ವಸ್ತು, ಆಮ್ಲಜನಕವಿರುವ ಗಾಳಿ, ಸಾಕಷ್ಟು ಶಾಖ. ಈ ಮೂರರಲ್ಲಿ ಒಂದನ್ನು ತೆಗೆದರೆ ಬೆಂಕಿ ಆರುತ್ತದೆ. ಮನೆಯಲ್ಲಿ ಗಾಳಿಯನ್ನು ತೆಗೆಯಲಾಗದು. ಆದ್ದರಿಂದ ಉಳಿದ ಎರಡನ್ನು, ಅಂದರೆ ಉರಿಯುವ ವಸ್ತುವನ್ನೂ ಶಾಖವನ್ನೂ, ಒಂದರಿಂದೊಂದು ದೂರವಿಡುವುದೇ ಗೃಹಸ್ಥರು ಮಾಡತಕ್ಕ ಕೆಲಸ.

ಕೆಂಡದ ಶಾಖ ಕಣ್ಣಿಗೆ ಕಾಣುತ್ತದೆ. ವಿದ್ಯುತ್ತಿನ ಶಾಖ ಕಾಣುವುದಿಲ್ಲ; ಅಪಾಯವಿರುವುದು ಅಲ್ಲಿಯೇ. ತಂತಿಯಲ್ಲಿ ವಿದ್ಯುತ್ ಹರಿದಾಗ ತಂತಿ ಬಿಸಿಯಾಗುತ್ತದೆ. ಆ ಶಾಖವು ಹರಿಯುವ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ಜೇಮ್ಸ್ ಪ್ರೆಸ್ಕಾಟ್ ಜೌಲ್ ಎಂಬ ಆಂಗ್ಲ ವಿಜ್ಞಾನಿ 1841ರಷ್ಟು ಹಿಂದೆಯೇ ತೋರಿಸಿಕೊಟ್ಟನು. ಸುಲಭವಾಗಿ ಹೇಳುವುದಾದರೆ, ಒಂದೇ ತಂತಿಯಲ್ಲಿ ಎರಡರಷ್ಟು ವಿದ್ಯುತ್ ಹರಿದರೆ ಶಾಖವು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಮೂರರಷ್ಟು ಹರಿದರೆ ಒಂಬತ್ತರಷ್ಟು. ದೀಪಕ್ಕೆ ಸಾಲುವ ತಂತಿಗೆ ನೀರು ಕಾಯಿಸುವ ಉಪಕರಣವನ್ನು ಜೋಡಿಸಿದಾಗ ಗೋಡೆಯೊಳಗೆ ಏನಾಗುತ್ತಿರಬಹುದೆಂದು ಓದುಗರೇ ಊಹಿಸಬಹುದು. ಬಿಸಿ ಮಾಡುವ ಸಾಧನವಾಗಲಿ, ತಂಪು ಮಾಡುವ ಸಾಧನವಾಗಲಿ, ಅದಕ್ಕೆ ಮೂರನ್ನು ಒದಗಿಸಬೇಕು: ಸುತ್ತಲೂ ಜಾಗ, ತಕ್ಕಷ್ಟು ದಪ್ಪದ ತಂತಿ, ಮನೆಯವರ ಕಣ್ಣು. ಮುಂದೆ ಹೇಳುವುದೆಲ್ಲ ಈ ಮೂರರ ವಿವರಣೆಯೇ ಆಗಿದೆ.

ಹಂಡೆಯೊಲೆ ಮತ್ತು ಬೂದಿ

ಮೊದಲು ಹಳೆಯ ಬಚ್ಚಲೊಲೆಯನ್ನೇ ನೋಡೋಣ. ನಮ್ಮಲ್ಲಿ ಅದಕ್ಕೆ ಹಾಕುವುದು ಕಡಲೆಕಾಯಿ ಸಿಪ್ಪೆ, ತೆಂಗಿನ ಚಿಪ್ಪು, ಸೊಪ್ಪು ತಿಂದು ಉಳಿದ ಹಿಪ್ಪುನೇರಳೆ ಕಡ್ಡಿ. ಸಿಪ್ಪೆಯ ಮೂಟೆಯನ್ನು ಒಲೆಯ ಬಾಯಿಗೆ ತಾಗಿಸಿ ಇಟ್ಟುಕೊಳ್ಳುವುದು ರೂಢಿ, ಕೈಗೆ ಸಿಗಲೆಂದು. ಸಿಡಿದ ಒಂದು ಕಿಡಿ ಮೂಟೆಯೊಳಗೆ ಇಳಿದರೆ ಅದು ಉರಿಯದೆ ಗಂಟೆಗಟ್ಟಲೆ ಒಳಗೊಳಗೇ ಕನಲುತ್ತಿರುತ್ತದೆ. ಎಲ್ಲರೂ ಹೊಲಕ್ಕೆ ಹೋದ ಮೇಲೆ ಭುಗಿಲೇಳುತ್ತದೆ. ಒಲೆಯ ಬಾಯಿಂದ ಕನಿಷ್ಠ ಒಂದು ಮೀಟರು ದೂರದವರೆಗೆ ಉರಿಯುವ ಯಾವ ವಸ್ತುವೂ ಇರಕೂಡದು. ಆ ದಿನಕ್ಕೆ ಬೇಕಾದಷ್ಟು ಸಿಪ್ಪೆಯನ್ನು ಮಾತ್ರ ಪುಟ್ಟಿಯಲ್ಲಿ ತಂದುಕೊಂಡು, ಮೂಟೆಯನ್ನು ಹೊರಗಿಡುವುದು ಒಳ್ಳೆಯದು.

ಎರಡನೆಯದು ಬೂದಿ. ಬೆಳಿಗ್ಗೆ ಒಲೆ ಬಳಿದು ಬೂದಿಯನ್ನು ತಿಪ್ಪೆಗೆ ಚೆಲ್ಲುತ್ತೇವೆ. ಮೇಲೆ ಬಿಳಿ ಬೂದಿ, ಒಳಗೆ ಜೀವವಿರುವ ಕೆಂಡ. ತಿಪ್ಪೆಯ ಪಕ್ಕದಲ್ಲೇ ಬಣವೆ. ಆಷಾಢದ ಗಾಳಿ ನಮ್ಮ ಕಡೆ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. ರಾಮಗಿರಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆ ಗಾಳಿ ಕೆಂಡವನ್ನು ಊದಿ ಎಬ್ಬಿಸುತ್ತದೆ. ವರ್ಷವಿಡೀ ದನಗಳಿಗೆ ಆಗಬೇಕಾದ ಬಳ್ಳಿಯ ಬಣವೆ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಗಾಳಿ ಮನೆಯ ಕಡೆಗಿದ್ದರೆ ಮನೆಯೂ ಉಳಿಯುವುದಿಲ್ಲ. ಬೂದಿಯನ್ನು ಮುಚ್ಚಳವಿರುವ ಹಳೆಯ ಡಬ್ಬದಲ್ಲಿ ಹಾಕಿ, ಮೇಲೆ ಒಂದು ತಂಬಿಗೆ ನೀರು ಸುರಿದು, ಮರುದಿನ ತಿಪ್ಪೆಗೆ ಹಾಕುವುದೇ ಸರಿಯಾದ ಕ್ರಮ. ನಮ್ಮ ತಾಯಿಯವರು ಹಾಗೆಯೇ ಮಾಡುತ್ತಿದ್ದರು. ಅದೊಂದು ಮಡಿಯೆಂದು ನಾವು ಆಗ ತಿಳಿದಿದ್ದೆವು.

ಚಪ್ಪರ, ಸೋಗೆ, ಹುಲ್ಲಿನ ಮಾಡಿನ ಕೆಳಗೆ ಯಾವ ಒಲೆಯೂ ಇರಬಾರದು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಸೋಗೆಯ ಮಾಡಿಗೆ ಹತ್ತಿ 94 ಮಂದಿ ಮಕ್ಕಳು ಅಸುನೀಗಿದರು. ಆ ಸುದ್ದಿ ಓದಿದ ದಿನ ಉಪಾಧ್ಯಾಯರಾದವರು ಯಾರೂ ನೆಮ್ಮದಿಯಿಂದ ನಿದ್ರೆ ಮಾಡಿರಲಾರರು.

ಹುಳುವಿನ ಮನೆ

ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆ ಹೆಸರಾದದ್ದು. ಅದನ್ನು ನಂಬಿ ಬದುಕುವ ಕನ್ನಡ ಕುಟುಂಬಗಳು ಗಡಿಯ ಎರಡೂ ಕಡೆ ಇವೆ. ಹುಳುವಿಗೆ ಮನುಷ್ಯನಿಗಿಂತಲೂ ಹದವಾದ ಹವೆ ಬೇಕು. ಚಾಕಿಯ ಹುಳುವಿಗೆ ಸುಮಾರು 27, 28 ಡಿಗ್ರಿ. ಬೆಳೆದ ಹುಳುವಿಗೆ 24, 25 ಡಿಗ್ರಿ. ಆದ್ದರಿಂದ ಚಳಿಗಾಲದಲ್ಲಿ ಕಾಯಿಸುವುದು, ಬೇಸಿಗೆಯಲ್ಲಿ ಒದ್ದೆ ಗೋಣಿ ಕಟ್ಟಿ, ಕೂಲರು ಇಟ್ಟು ತಣಿಸುವುದು ಈ ಕಸುಬಿನಲ್ಲಿ ಅನಿವಾರ್ಯ. ವಾಸದ ಮನೆಗೆ ಯಂತ್ರವಿಲ್ಲದಿದ್ದರೂ ಹುಳುವಿನ ಮನೆಗೆ ಇರಲೇಬೇಕು. ಆದರೆ ಅಲ್ಲಿ ಇರುವುದೆಲ್ಲ ಉರಿಯುವ ಸಾಮಾನು: ಬಿದಿರಿನ ತಟ್ಟೆ, ಚಂದ್ರಿಕೆ, ಪ್ಲಾಸ್ಟಿಕ್ಕಿನ ನೇತ್ರಿಕೆ, ನೈಲಾನು ಬಲೆ, ಹಾಸುವ ಕಾಗದ, ಒಣಗಿದ ಕಡ್ಡಿ.

ಕೆಂಡವನ್ನೇ ಬಳಸಬೇಕಾದವರು ಈ ಕೆಲವು ನಿಯಮಗಳನ್ನು ತಪ್ಪದೆ ಪಾಲಿಸಬೇಕು. ಕೆಂಡವನ್ನು ಅಗಲವಾದ, ಅಂಚು ಎತ್ತರವಿರುವ ಪಾತ್ರೆಯಲ್ಲಿಟ್ಟು, ಆ ಪಾತ್ರೆಯನ್ನು ಮರಳು ತುಂಬಿದ ತಗಡಿನ ಮೇಲೆ ಅಥವಾ ಮೂರು ಇಟ್ಟಿಗೆಗಳ ಮೇಲೆ ಇಡಬೇಕು. ಮೇಲೆ ಕಬ್ಬಿಣದ ಜಾಲರಿ ಮುಚ್ಚಬೇಕು. ಸುತ್ತ ಒಂದು ಮೀಟರು, ಮೇಲಕ್ಕೆ ಮಾಡಿನವರೆಗೆ ಏನೂ ತೂಗಾಡಬಾರದು. ಬಲೆ, ಪರದೆಗಳ ಕೆಳ ಅಂಚನ್ನು ಕಟ್ಟಿ ಬಿಗಿಯಬೇಕು. ಅಷ್ಟು ಮಾಡಿಯೂ ಯಾರಾದರೊಬ್ಬರು ಎಚ್ಚರವಿದ್ದು ನೋಡಿಕೊಳ್ಳುವಷ್ಟು ಹೊತ್ತು ಮಾತ್ರ ಕೆಂಡ ಒಳಗಿರಬೇಕು. ಮಲಗುವ ಮುನ್ನ ಅದು ಹೊರಗೆ ಹೋಗಬೇಕು. ವಿದ್ಯುತ್ ಹೀಟರು ಬಳಸುವವರಿಗೂ ಇದೇ ದೂರ, ಇದೇ ಎಚ್ಚರ ಅನ್ವಯಿಸುತ್ತದೆ. ಸುರುಳಿತಂತಿ ಬಯಲಾಗಿ ಕಾಣುವ ಹೀಟರನ್ನು ಹುಳುವಿನ ಮನೆಯೊಳಗೆ ತರಲೇಬಾರದು.

ಇನ್ನೊಂದು ಮಾತು ಬೆಂಕಿಗಿಂತಲೂ ಮೌನವಾದ ಅಪಾಯದ್ದು. ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಓಕರಿಕೆ, ಮಂಪರು, ಆಮೇಲೆ ಮರಣ. ಬಾಣಂತಿಯ ಕೋಣೆಗೆ ಅಗ್ಗಿಷ್ಟಿಕೆ ಇಟ್ಟು ಕಿಟಕಿ ಬಾಗಿಲು ಮುಚ್ಚುವ ಪದ್ಧತಿ ಇನ್ನೂ ಕೆಲವು ಕಡೆ ಉಳಿದಿದೆ. ಹಿರಿಯರು ಕೋಪಿಸಿಕೊಂಡರೂ ಚಿಂತೆಯಿಲ್ಲ, ಒಂದು ಕಿಟಕಿಯನ್ನು ತೆರೆದಿಡಿರಿ. ಬಾಣಂತಿ ಮತ್ತು ಶಿಶು ಮಲಗುವಾಗ ಕೆಂಡವನ್ನು ಹೊರಗಿಡಿರಿ.

ನೀರು ಕಾಯಿಸುವ ರಾಡು

ಹಂಡೆಯೊಲೆಯ ಹೊಗೆ ಬೇಡವೆಂದವರು ಹೀಟರ್ ರಾಡು ಕೊಂಡರು. ಸಾಮಾನ್ಯವಾಗಿ ಅದು 1500 ವಾಟಿನದು. 230 ವೋಲ್ಟಿನಲ್ಲಿ ಆರೂವರೆ ಆಂಪಿಯರಿನಷ್ಟು ವಿದ್ಯುತ್ ಎಳೆಯುತ್ತದೆ. ದೀಪ, ಫ್ಯಾನುಗಳಿಗೆಂದು ಇರುವ ಚಿಕ್ಕ ಪ್ಲಗ್ಗಿನ ಸಾಮರ್ಥ್ಯ ಆರು ಆಂಪಿಯರು. ಲೆಕ್ಕ ಇಲ್ಲಿಯೇ ತಪ್ಪಿತು! ರಾಡಿಗೆ ಹದಿನಾರು ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು. ದೊಡ್ಡ ಪಿನ್ನು ಚಿಕ್ಕ ತೂತಿಗೆ ಹಿಡಿಸದೆಂದು ಪಿನ್ನು ಕಿತ್ತು ಬರಿಯ ತಂತಿಯನ್ನು ಬೆಂಕಿಕಡ್ಡಿಯಿಂದ ಸಿಕ್ಕಿಸುವ ಚಮತ್ಕಾರವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದು ಬೆಂಕಿಗೂ ವಿದ್ಯುದಾಘಾತಕ್ಕೂ ಒಟ್ಟಿಗೇ ಕೊಟ್ಟ ಆಹ್ವಾನ.

ಹದಿನೈದು ಲೀಟರಿನ ಒಂದು ಬಕೆಟ್ಟು ನೀರು ಸ್ನಾನಕ್ಕೆ ಹದವಾಗಲು ಈ ರಾಡಿಗೆ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಇಪ್ಪತ್ತೈದು ನಿಮಿಷ ಸಾಕು. ಮರೆತು ಹೊಲಕ್ಕೆ ಹೋದರೆ ನೀರು ಕುದಿದು, ಆವಿಯಾಗಿ, ರಾಡು ಬರಿದಾಗಿ ಕಾದು, ಪ್ಲಾಸ್ಟಿಕ್ ಬಕೆಟ್ಟು ಕರಗಿ ಉರಿಯತೊಡಗುತ್ತದೆ. ಮೊದಲು ರಾಡನ್ನು ನೀರಿನಲ್ಲಿ ಗುರುತಿನವರೆಗೆ ಮುಳುಗಿಸಿ, ಆಮೇಲೆ ಸ್ವಿಚ್ಚು ಹಾಕಬೇಕು. ಮೊದಲು ಸ್ವಿಚ್ಚು ತೆಗೆದು, ಪ್ಲಗ್ಗು ಕಿತ್ತು, ಆಮೇಲೆ ನೀರು ಮುಟ್ಟಬೇಕು. ಈ ಕ್ರಮವನ್ನು ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಬೇಕು. ಕೈಯಲ್ಲಿರುವ ಮೊಬೈಲು ಫೋನಿನಲ್ಲಿ ಇಪ್ಪತ್ತು ನಿಮಿಷಕ್ಕೆ ಗಂಟೆ ಬಾರಿಸುವಂತೆ ಇಟ್ಟುಕೊಂಡರೆ ಮರೆವಿನ ಭಯವಿಲ್ಲ.

ಗ್ಯಾಸ್ ಗೀಸರು ಇರುವವರು ಅದನ್ನು ಬಚ್ಚಲಿನೊಳಗೆ ಇಡಕೂಡದು. ಬಾಗಿಲು ಮುಚ್ಚಿದ ಚಿಕ್ಕ ಬಚ್ಚಲಿನಲ್ಲಿ ಅದು ಗಾಳಿಯ ಆಮ್ಲಜನಕವನ್ನು ನುಂಗಿ, ಮೇಲೆ ಹೇಳಿದ ಅದೇ ವಿಷಾನಿಲವನ್ನು ಬಿಡುತ್ತದೆ. ಅದನ್ನು ಗಾಳಿಯಾಡುವ ಹೊರಜಾಗದಲ್ಲಿಟ್ಟು, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತರಬೇಕು.

ತಂಪಿನ ಯಂತ್ರವೂ ಬೆಂಕಿಯ ನೆಂಟನೇ

ನಮ್ಮ ಅಕ್ಕನನ್ನು ಕೊಟ್ಟಿರುವುದು ಕಲ್ಯಾಣದುರ್ಗಕ್ಕೆ. ಒಂದು ಬೇಸಿಗೆ ರಜೆಯಲ್ಲಿ ಅವರ ಮನೆಯಲ್ಲಿದ್ದಾಗ ಮಧ್ಯಾಹ್ನದ ನಿದ್ರೆಯಲ್ಲಿ ಮೀನಿನಂತೆ ಏನೋ ವಾಸನೆ ಮೂಗಿಗೆ ಬಡಿಯಿತು. ಸಸ್ಯಾಹಾರಿಗಳ ಮನೆಯಲ್ಲಿ ಮೀನಿನ ವಾಸನೆಯೆಲ್ಲಿಂದ! ಹುಡುಕಿದರೆ ಕೂಲರಿಗೂ ಫ್ರಿಜ್ಜಿಗೂ ಟಿ.ವಿ.ಗೂ ಸೇರಿಸಿ ಹಾಕಿದ್ದ ಒಂದೇ ಎಕ್ಸ್‌ಟೆನ್ಷನ್ ಬಾಕ್ಸು ಜಮಖಾನೆಯ ಅಡಿಯಲ್ಲಿ ಬೇಯುತ್ತಿತ್ತು. ಭಾವನವರು ಪ್ಲಗ್ಗು ಕಿತ್ತು ತೋರಿಸಿದರು: ಬಿಳಿಯ ಪ್ಲಗ್ಗು ಕಾಫಿ ಬಣ್ಣಕ್ಕೆ ತಿರುಗಿತ್ತು, ಜಮಖಾನೆಯ ನೂಲು ಕಂದಿತ್ತು. ಇನ್ನೊಂದು ಗಂಟೆ ಮಲಗಿದ್ದರೆ ಈ ಲೇಖನ ಬರೆಯಲು ನಾವು ಉಳಿಯುತ್ತಿದ್ದೆವೋ ಇಲ್ಲವೋ. ಬಿಸಿಯಾದ ಸ್ವಿಚ್ಚು, ಪ್ಲಗ್ಗುಗಳ ಪ್ಲಾಸ್ಟಿಕ್ಕು ಇಂಥ ವಾಸನೆ ಬಿಡುವುದುಂಟು. ಆ ವಾಸನೆಯೇ ಬೆಂಕಿ ಕಳುಹಿಸುವ ಮೊದಲ ಪತ್ರ. ಮುಟ್ಟಿದರೆ ಬಿಸಿಯಾಗಿರುವ ಪ್ಲಗ್ಗು, ಚಟಪಟ ಸದ್ದು ಮಾಡುವ ಸ್ವಿಚ್ಚು, ಕೂಲರು ಹಾಕಿದೊಡನೆ ಮಂಕಾಗುವ ದೀಪ, ಪದೇ ಪದೇ ಹೋಗುವ ಫ್ಯೂಸು, ಇವು ಉಳಿದ ಪತ್ರಗಳು. ಓದದೆ ಬಿಸಾಡಬಾರದು.

ಕೂಲರನ್ನು ಬೇಸಿಗೆಗೆ ಹೊರಗೆ ತೆಗೆದಾಗ ಮೊದಲು ಧೂಳು ಒರೆಸಿ, ಹಳೆಯ ಮರದ ನಾರಿನ ಪ್ಯಾಡುಗಳನ್ನು ಬದಲಿಸಬೇಕು. ಒಣಗಿದ ಆ ನಾರು ಕಿಡಿ ತಾಗಿದೊಡನೆ ಹತ್ತಿಕೊಳ್ಳುತ್ತದೆ. ಫ್ಯಾನಿನ ಕೀಲುಗಳಿಗೆ ಎಣ್ಣೆ ಬಿಡಬೇಕು. ಬಿಗಿದುಕೊಂಡು ತಿರುಗದ ಮೋಟಾರು ಒಳಗೇ ಸುಡುತ್ತದೆ. ನೀರು ತೀರಿದ ಮೇಲೂ ಪಂಪು ಓಡುತ್ತಿದ್ದರೆ ಅದೂ ಸುಡುತ್ತದೆ. ಕಬ್ಬಿಣದ ಮೈಯ ಕೂಲರಿಗೆ ಭೂಸಂಪರ್ಕ, ಅಂದರೆ ಅರ್ಥಿಂಗ್, ಇರಲೇಬೇಕು. ನೀರು ತುಂಬುವಾಗ ಪ್ಲಗ್ಗು ಕಿತ್ತಿರಲೇಬೇಕು.

ಫ್ರಿಜ್ಜನ್ನು ಗೋಡೆಗೆ ಒತ್ತಿ ನಿಲ್ಲಿಸಬಾರದು. ಒಳಗಿನ ಶಾಖವನ್ನು ಹಿಂದಿನಿಂದ ಹೊರಗೆ ಹಾಕುವುದೇ ಅದರ ಕೆಲಸ. ಅಲ್ಲಿ ಒಂದು ಗೇಣು ಜಾಗವಿಲ್ಲದಿದ್ದರೆ ಶಾಖ ಎಲ್ಲಿಗೆ ಹೋದೀತು? ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿಯೂ ಫ್ರಿಜ್ಜು ಇರಬಾರದು. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು. ಸೋರಿದರೆ ಮೇಲೇಳದೆ ನೆಲದ ಮೇಲೆ ಹರಡುತ್ತದೆ. ಫ್ರಿಜ್ಜು ತಾನಾಗಿಯೇ ಹತ್ತಿ ಆರುವಾಗ ಹುಟ್ಟುವ ಸಣ್ಣ ಕಿಡಿ ಆಗ ಸಾಕು. ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕದೆ, ತೆಗೆಯದೆ, ರೆಗ್ಯುಲೇಟರು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದ ಮೇಲೆ 1906ಕ್ಕೆ ದೂರವಾಣಿ ಮಾಡಬೇಕು.

ಎ.ಸಿ. ಯಂತ್ರಕ್ಕೆ ಮೀಟರಿನ ಹಲಗೆಯಿಂದಲೇ ಪ್ರತ್ಯೇಕ ತಂತಿ ಎಳೆಸಬೇಕು. ಗೀಸರಿನಂಥದಕ್ಕೆ 2.5 ಚದರ ಮಿಲಿಮೀಟರಿನ, ಎ.ಸಿ.ಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕುವುದು ವಾಡಿಕೆ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಎ.ಸಿ., ಗೀಸರು, ರಾಡು ಇವುಗಳನ್ನು ಎಂದಿಗೂ ಜೋಡಿಸಬಾರದು. ಹೊಸ ಎ.ಸಿ., ಫ್ರಿಜ್ಜುಗಳ ಪೈಕಿ ಕೆಲವಕ್ಕೆ ತುಂಬುವ ಅನಿಲವೇ ಉರಿಯುವ ಗುಣದ್ದು. ಆದುದರಿಂದ ಅನಿಲ ತುಂಬಿಸುವ ಕೆಲಸಕ್ಕೆ ತರಬೇತಿ ಪಡೆದವರನ್ನೇ ಕರೆಯಬೇಕು. ನಮ್ಮ ಹಳ್ಳಿಗಳಲ್ಲಿ ವೋಲ್ಟೇಜು ಏರಿಳಿಯುವುದು ಎಲ್ಲರೂ ಬಲ್ಲ ಸಂಗತಿ. ವೋಲ್ಟೇಜು ಇಳಿದಾಗ ಫ್ರಿಜ್ಜು, ಎ.ಸಿ.ಗಳ ಮೋಟಾರು ಹೆಚ್ಚು ವಿದ್ಯುತ್ ಎಳೆದು ಕಾಯುತ್ತದೆ. ಅಂಥ ಕಡೆ ತಕ್ಕ ಸ್ಟೆಬಿಲೈಜರು ಬೇಕು; ಕರೆಂಟು ಹೋದಾಗ ಎಲ್ಲ ಸ್ವಿಚ್ಚುಗಳನ್ನೂ ತೆಗೆದು, ಬಂದ ಮೇಲೆ ಒಂದೊಂದಾಗಿ ಹಾಕುವ ಅಭ್ಯಾಸವೂ ಬೇಕು.

ಫ್ಯೂಸು ಎಂಬ ಕಾವಲುಗಾರ

ತಂತಿ ಮಿತಿಮೀರಿ ಕಾಯುವ ಮುನ್ನ ತಾನೇ ಕರಗಿ ಮನೆಯನ್ನು ಉಳಿಸುವುದು ಫ್ಯೂಸು. ಅದು ಪದೇ ಪದೇ ಹೋಗುತ್ತದೆಂದು ಬೇಸತ್ತು ಅಲ್ಲಿ ದಪ್ಪ ತಾಮ್ರದ ಎಳೆ ಕಟ್ಟುವುದು, ಕೂಗಿ ಎಬ್ಬಿಸುವ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ. ಈಗ ಫ್ಯೂಸಿನ ಬದಲು ಎಂ.ಸಿ.ಬಿ. ಎಂಬ ಸ್ವಿಚ್ಚು ಬಂದಿದೆ. ಹೊರೆ ಹೆಚ್ಚಿದರೆ ತಾನೇ ಬೀಳುತ್ತದೆ. ಅದರ ಜೊತೆಗೆ ಆರ್.ಸಿ.ಸಿ.ಬಿ. ಎಂಬುದನ್ನೂ ಹಾಕಿಸಬೇಕು. 30 ಮಿಲಿಆಂಪಿಯರಿನಷ್ಟು ಸಣ್ಣ ಸೋರಿಕೆಯಾದರೂ ಅದು ಕ್ಷಣಾರ್ಧದಲ್ಲಿ ವಿದ್ಯುತ್ತನ್ನು ಕಡಿದು ಪ್ರಾಣ ಉಳಿಸುತ್ತದೆ. ಒಂದು ಹಬ್ಬದ ಸೀರೆಯ ಖರ್ಚನ್ನು ಒಂದು ವರ್ಷ ಇದಕ್ಕೆ ತಿರುಗಿಸಿದರೆ ಮನೆಯೊಡತಿಯರು ಬೇಡವೆನ್ನಲಾರರು. ಹಳೆಯ ಮನೆಯ ತಂತಿಯನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ಪರೀಕ್ಷೆ ಮಾಡಿಸುವುದು ಒಳಿತು. ಮನೆಯ ಮುಂದಿನ ಕಂಬದಲ್ಲಿ ಕಿಡಿ ಹಾರುತ್ತಿದ್ದರೆ ತಾವೇ ಕೋಲು ಹಿಡಿದು ಹೋಗದೆ ವಿದ್ಯುತ್ ಕಂಪನಿಯ 1912 ಸಂಖ್ಯೆಗೆ ತಿಳಿಸಬೇಕು.

ಬೆಂಕಿ ಹತ್ತಿಕೊಂಡರೆ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಬಾವಿಯನ್ನು ಮೊದಲೇ ತೋಡಿಡುವುದೆಂದರೆ ಇಷ್ಟು: ಮೇನ್ ಸ್ವಿಚ್ಚು ಎಲ್ಲಿದೆಯೆಂದು ಮನೆಯ ಪ್ರತಿಯೊಬ್ಬರಿಗೂ ತಿಳಿದಿರಬೇಕು, ಅದರ ಮುಂದೆ ಮೂಟೆ ಪೇರಿಸಿರಬಾರದು. ಹುಳುವಿನ ಮನೆಯ ಬಾಗಿಲಲ್ಲಿ ಎರಡು ಬಕೆಟ್ಟು ಒಣ ಮರಳು, ಎರಡು ಬಕೆಟ್ಟು ನೀರು ಇರಬೇಕು. ವಿದ್ಯುತ್ತಿನ ಬೆಂಕಿಗೆ, ಮೇನ್ ತೆಗೆಯುವ ಮುನ್ನ, ನೀರು ಹಾಕಕೂಡದು, ಮರಳನ್ನು ಎರಚಬೇಕು. ಕಾದ ಎಣ್ಣೆಯ ಬೆಂಕಿಗೂ ನೀರು ಸಲ್ಲದು; ಮುಚ್ಚಳ ಮುಚ್ಚಬೇಕು. ಹೊಗೆ ತುಂಬಿದ ಕೋಣೆಯಲ್ಲಿ ನಿಂತು ನಡೆಯದೆ ನೆಲಕ್ಕೆ ಬಗ್ಗಿ ತೆವಳಿ ಬರಬೇಕು. ಒಳ್ಳೆಯ ಗಾಳಿ ಕೆಳಗಿರುತ್ತದೆ. ಹೊರಗೆ ಬಂದವರು ಸಾಮಾನಿಗಾಗಿ ಮತ್ತೆ ಒಳಗೆ ಹೋಗಬಾರದು. ಸುಟ್ಟ ಗಾಯಕ್ಕೆ ಶಾಯಿ, ಹಲ್ಲುಪುಡಿ, ಬೆಣ್ಣೆ ಹಚ್ಚದೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಟ್ಟು, ಶುಭ್ರ ಬಟ್ಟೆ ಮುಚ್ಚಿ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಅಗ್ನಿಶಾಮಕ ದಳದ ಸಂಖ್ಯೆ 101. ಎಲ್ಲ ತುರ್ತಿಗೂ 112. ಗಡಿನಾಡಿನ ಕನ್ನಡಿಗರಾದ ನಮಗೆ ಇಲ್ಲಿ ಇನ್ನೊಂದು ಕಷ್ಟವಿದೆ. ಆ ಕಡೆ ಮಾತನಾಡುವವರು ತೆಲುಗಿನಲ್ಲಿ ಕೇಳುತ್ತಾರೆ. ಹೆದರಿದ ಮಗುವಿಗೆ, ಮನೆಯೊಳಗೇ ಇರುವ ವೃದ್ಧರಿಗೆ ಮಾತು ಹೊರಡುವುದಿಲ್ಲ. ಒಮ್ಮೊಮ್ಮೆ ನಮ್ಮ ಫೋನು ಕರ್ನಾಟಕದ ಕಡೆಯ ಗೋಪುರವನ್ನು ಹಿಡಿದು ಕರೆ ಆಚೆಯ ರಾಜ್ಯಕ್ಕೂ ಹೋಗಬಹುದು. ಆದಕಾರಣ ರಾಜ್ಯ, ಮಂಡಲ, ಊರು, ಹತ್ತಿರದ ಗುರುತು ಇವನ್ನು ಈ ಕ್ರಮದಲ್ಲಿ ಹೇಳುವುದನ್ನು ಮಕ್ಕಳಿಗೆ ಕಲಿಸಬೇಕು. “ಇಂಟಿಕಿ ನಿಪ್ಪು ಅಂಟುಕುಂದಿ” ಎಂಬ ತೆಲುಗು ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದು, ಊರಿನ ವಿಳಾಸದೊಡನೆ ಬಾಗಿಲ ಹಿಂದೆ ಅಂಟಿಸಿಡಿರಿ. ಆಪತ್ತಿನಲ್ಲಿ ಯಾವ ಭಾಷೆಯಾದರೂ ನಮ್ಮ ನೆರವಿಗೆ ಬಂದ ನೆರೆಯವನೇ.

ಒಂದು ಮನೆಪಾಠ

1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ಹಡಗೊಂದು ಸಿಡಿದಾಗ ಬೆಂಕಿ ಆರಿಸಲು ಹೋದ ಅನೇಕ ಅಗ್ನಿಶಾಮಕ ಸಿಬ್ಬಂದಿ ಬಲಿಯಾದರು. ಅವರ ಸ್ಮರಣೆಗಾಗಿ ಏಪ್ರಿಲ್ 14ರಿಂದ 20ರವರೆಗೆ ದೇಶದಲ್ಲಿ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಮೇಲೆ ಹೇಳಿದ ಘಟನೆಯ ನಂತರ ಆ ವಾರದಲ್ಲಿ ನಮ್ಮ ಶಾಲೆಯ ಮಕ್ಕಳಿಗೆ ಒಂದು ಮನೆಪಾಠ ಕೊಡುವುದನ್ನು ರೂಢಿಮಾಡಿದೆವು. ಪ್ರತಿಯೊಂದು ಮಗುವೂ ತನ್ನ ಮನೆಯಲ್ಲಿ ಐದು ಪ್ರಶ್ನೆಗಳಿಗೆ ಉತ್ತರ ಬರೆದು ತರಬೇಕು: ಒಲೆಯ ಬಾಯಿಗೂ ಸಿಪ್ಪೆಯ ಮೂಟೆಗೂ ಎಷ್ಟು ಹೆಜ್ಜೆ? ಬೂದಿ ಎಲ್ಲಿ ಹಾಕುತ್ತೀರಿ? ರಾಡಿನ ಪ್ಲಗ್ಗು ದೊಡ್ಡದೋ ಚಿಕ್ಕದೋ? ಫ್ಯೂಸಿನಲ್ಲಿ ಕಟ್ಟಿರುವುದೇನು? ಮೇನ್ ಸ್ವಿಚ್ಚು ಎಲ್ಲಿದೆ? ಸ್ವಿಚ್ಚು, ತಂತಿಗಳನ್ನು ಮುಟ್ಟದೆ, ದೊಡ್ಡವರನ್ನು ಕೇಳಿಯೇ ಬರೆಯಬೇಕೆಂದು ಕಟ್ಟುನಿಟ್ಟಾಗಿ ಹೇಳಿರುತ್ತೇವೆ.

ಮೊದಲ ವರ್ಷ ಕೆಲವು ತಂದೆಯರು ಬಂದು, “ಮೇಷ್ಟ್ರೇ, ನಿಮಗ್ಯಾಕೆ ನಮ್ಮನೆ ಬಚ್ಚಲ ಸುದ್ದಿ?” ಎಂದು ನಕ್ಕರು. ಒಬ್ಬ ತಾಯಿ ಮಾತ್ರ ನಗದೆ, “ಸಾರ್, ನಮ್ಮ ಹುಡುಗ ಬರೆದಿದ್ದು ನೋಡಿ ಅವತ್ತೇ ಮೂಟೆ ಹೊರಗಿಟ್ವಿ” ಎಂದರು. ಆ ಒಂದು ಮಾತು ನಮಗೆ ಸಾಕಾಯಿತು. ಬೆಂಕಿ ಬೀಳದೆ ಉಳಿದ ಮನೆಗಳನ್ನು ಯಾರೂ ಎಣಿಸುವುದಿಲ್ಲ. ಅವುಗಳ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲ.

ಆ ಹುಡುಗಿಗೆ ಶಾಲೆಯ ವತಿಯಿಂದ ಪುಸ್ತಕಗಳನ್ನು ಹೊಂದಿಸಿಕೊಟ್ಟೆವು. ಅವಳು ಓದು ಮುಂದುವರಿಸಿ ಈಗ ಕಾಲೇಜು ಸೇರಿದ್ದಾಳೆ. ಅಜ್ಜಿಯ ಕೈ ವಾಸಿಯಾಯಿತು. ಬೆರಳುಗಳು ಮಾತ್ರ ಮೊದಲಿನಂತೆ ಮಡಿಚುವುದಿಲ್ಲ. ಹುಳುವಿನ ಮನೆಯನ್ನು ಮತ್ತೆ ಕಟ್ಟಿದ್ದಾರೆ, ವಾಸದ ಮನೆಯಿಂದ ದೂರಕ್ಕೆ, ಹೆಂಚು ಹೊದಿಸಿ. ಈಚೆಗೆ ಒಂದು ಸಂಜೆ ಆ ದಾರಿಯಲ್ಲಿ ಹೋಗುವಾಗ ಅಜ್ಜಿ ಕರೆದು ಕುಳ್ಳಿರಿಸಿದರು. ಕೆಂಡದ ಬಾಣಲೆ ಅಂಗಳದ ನಡುವೆ, ಇಟ್ಟಿಗೆಗಳ ಮೇಲಿತ್ತು, ಮೇಲೆ ಜಾಲರಿ. ಒಳಗಿಂದ ಮೊಮ್ಮಗಳು ಬಂದು, “ಸಾರ್, ಒಂಬತ್ತು ಗಂಟೆಗೆ ಆರಿಸ್ತೀವಿ” ಎಂದಳು. ನಾವು ಕೇಳಿರಲಿಲ್ಲ, ಅವಳೇ ಹೇಳಿದಳು.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಒಮ್ಮೆ ಎದ್ದು ನಿಮ್ಮ ಬಚ್ಚಲು, ಅಡುಗೆಮನೆ, ಹುಳುವಿನ ಮನೆ, ಕೂಲರಿನ ಪ್ಲಗ್ಗು ಇಷ್ಟನ್ನು ನೋಡಿ ಬನ್ನಿರಿ. ನೆರೆಮನೆಯಲ್ಲಿ ತಪ್ಪು ಕಂಡರೆ ಸಂಕೋಚಪಡದೆ ಹೇಳಿರಿ. ಕೈ ಕಾಯಿಸಿಕೊಂಡು ಸುಮ್ಮನೆ ಎದ್ದು ಬರಬೇಡಿರಿ.